ಹಡಗಿನ ಊಟದ ಹಾಲ್‌ನಲ್ಲಿ ನಮ್ಮಿಬ್ಬರಿಗೆ ಅಂತ ಒಂದು ಟೇಬಲ್

ಇಬ್ಬರಿಗೆ ಅಂತಲೇ ಟೇಬಲ್ ಸಿಕ್ಕಿತ್ತು. ಖುಷಿಯಾಗಿ ಹೋಗಿ ನೋಡಿದರೆ ಪಕ್ಕದ ಟೇಬಲ್‌ಗೂ ನಮ್ಮದಕ್ಕೂ ಮಧ್ಯೆ ಒಂದು ಗೇಣು ಜಾಗ. ಗೋಡೆಗೆ ಅಂಟಿಸಿದ ಒಂದೇ ಉದ್ದನೆಯ ಸೋಫಾ, ಅದರ ಮುಂದೆ ಸಾಲಾಗಿ ಆರು ಪುಟಾಣಿ ಟೇಬಲ್‌ಗಳು. ಒಳಗೆ ಕೂರಬೇಕು ಅಂದರೆ ವೇಟರ್ ಬಂದು ಟೇಬಲ್ ಎಳೆಯಬೇಕು, ನಾನು ಸೀರೆ ನೆರಿಗೆ ಒಟ್ಟು ಮಾಡಿ ಹಿಡಿದುಕೊಂಡು ಪಕ್ಕದವರ ವೈನ್ ಗ್ಲಾಸಿಗೆ ಸೆರಗು ತಾಗದ ಹಾಗೆ ನುಸುಳಬೇಕು. ಕೂತ ಮೇಲೆ ಬೆಣ್ಣೆ ಬಟ್ಟಲು ನಮ್ಮದಾ ಅವರದಾ ಅನ್ನೋದೇ ಗೊತ್ತಾಗಲಿಲ್ಲ.

ಪಕ್ಕದಲ್ಲಿದ್ದವರು ವಯಸ್ಸಾದ ಅಮೆರಿಕನ್ ದಂಪತಿ. ಒಳ್ಳೆಯವರೇ. ಆದರೆ ಮಾತು ಜಾಸ್ತಿ. ಕನ್ನಡದಲ್ಲಿ ಮಾತಾಡಿಕೊಂಡರೆ ಯಾರಿಗೆ ಅರ್ಥ ಆಗುತ್ತೆ, ಅಷ್ಟು ಮರೆ ಸಾಕು ಅಂದುಕೊಂಡಿದ್ದೆ ನಾನು. ಅಷ್ಟರಲ್ಲಿ ನಮ್ಮ ಮನೆಯವರು ಜೇಬಿಂದ ಚಟ್ನಿಪುಡಿ ಡಬ್ಬಿ ತೆಗೆದರು. ಆಕೆ ಬಗ್ಗಿ ನೋಡಿ ಅದೇನು ಅಂತ ಕೇಳಿಯೇಬಿಟ್ಟರು. ಇವರು ಗಾಬರಿಯಲ್ಲಿ "ಮೆಡಿಸಿನ್" ಅಂದು ಡಬ್ಬಿ ಮುಚ್ಚಿ ಒಳಗಿಟ್ಟರು. ಅವತ್ತು ಇವರು ಸಪ್ಪೆ ಪಾಸ್ತಾವನ್ನೇ ತಿಂದು ಎದ್ದರು. ರೂಮಿಗೆ ಬರುವ ದಾರಿಯಲ್ಲಿ ಒಂದೇ ಮಾತು: "ನೋಡೇ, ನಾಳೆ ಬೇರೆ ಟೇಬಲ್ ಕೇಳು."

ನಾವು ಹೋಗಿದ್ದು ಸಿಯಾಟಲ್‌ನಿಂದ ಅಲಾಸ್ಕಾಗೆ, ಏಳು ರಾತ್ರಿ, ಜೂನ್ ತಿಂಗಳಲ್ಲಿ. ನಮ್ಮ ಮದುವೆಯಾಗಿ 25 ವರ್ಷ ಆಯಿತು ಅಂತ ಅಲ್ಲೇ ಇರುವ ಮಗಳು ಬುಕ್ ಮಾಡಿಕೊಟ್ಟಿದ್ದಳು. ಎಷ್ಟು ಜನರ ಟೇಬಲ್ ಬೇಕು, 2, 4, 6, 8 ಅಂತ ಕೇಳಿದ್ದರಂತೆ. ಇವಳು ಎರಡು ಒತ್ತಿದ್ದಾಳೆ. ಅದು ಬರೀ ನಮ್ಮ ಆಸೆ, ಅವರು ಕೊಟ್ಟ ಮಾತಲ್ಲ ಅಂತ ಹಡಗು ಹತ್ತಿದ ಮೇಲೆ ತಿಳಿಯಿತು. ಇಬ್ಬರ ಟೇಬಲ್ ಬೇರೆ, ಅಕ್ಕಪಕ್ಕ ಯಾರೂ ಇಲ್ಲದ ಒಂಟಿ ಟೇಬಲ್ ಬೇರೆ ಅನ್ನೋದೂ ಆಮೇಲೆಯೇ ತಿಳಿಯಿತು.

ಇದರ ಲೆಕ್ಕ ನಮ್ಮ ಮದುವೆ ಮನೆ ಪಂಕ್ತಿ ಇದ್ದ ಹಾಗೆ. ಹಳೇ ಪದ್ಧತಿಯಲ್ಲಿ ಎರಡು ಪಂಕ್ತಿ: ಮೊದಲನೆಯದು ಸಂಜೆ ಐದೂವರೆ ಆರಕ್ಕೆ (ನಮಗೆ ಕಾಫಿ ಹೊತ್ತು ಅದು!), ಎರಡನೆಯದು ಎಂಟರ ಸುಮಾರಿಗೆ. ದಿನಾ ಅದೇ ಟೇಬಲ್, ಅದೇ ವೇಟರ್, ಅದೇ ಆರೆಂಟು ಅಪರಿಚಿತರು. 2000ದಲ್ಲಿ ನಾರ್ವೇಜಿಯನ್ ಅನ್ನೋ ಹಡಗು ಕಂಪನಿಯವರು ಫ್ರೀಸ್ಟೈಲ್ ಅಂತ ಶುರು ಮಾಡಿ, ಯಾವಾಗ ಬೇಕಾದರೂ ಬಂದು ಯಾರ ಜೊತೆ ಬೇಕಾದರೂ ಕೂತುಕೊಳ್ಳಿ ಅಂದರು. ಈಗ ರಾಯಲ್ ಕೆರಿಬಿಯನ್, ಪ್ರಿನ್ಸೆಸ್, ಕಾರ್ನಿವಲ್ ಎಲ್ಲರೂ ಒಂದೊಂದು ಹೆಸರಿಟ್ಟು ಅದೇ ಥರದ್ದು ಕೊಡುತ್ತಾರೆ. ಆದರೆ ಹಡಗಲ್ಲಿ ಜಾಗ ಜಾಗವೇ. ಎಂಟು ಜನರ ಒಂದು ದುಂಡು ಟೇಬಲ್ ಹಾಕುವಲ್ಲಿ ಇಬ್ಬರಿಬ್ಬರ ನಾಲ್ಕು ಟೇಬಲ್ ಬಿಡಿಬಿಡಿಯಾಗಿ ಹಿಡಿಯಲ್ಲ. ಅದಕ್ಕೇ ಅವನ್ನು ಗೋಡೆಗೆ ಸಾಲಾಗಿ ಒತ್ತಿ ಇಡೋದು.

ಇದು ಇವತ್ತಿನ ಜಗಳವೂ ಅಲ್ಲ. ಮೊದಲೆಲ್ಲ ಹಡಗಿನಲ್ಲಿ ಉದ್ದನೆಯ ಟೇಬಲ್‌ಗಳು, ನೆಲಕ್ಕೆ ಬಿಗಿದ ತಿರುಗು ಕುರ್ಚಿಗಳು. ಜರ್ಮನಿಯ 'ಅಮೆರಿಕಾ' ಅನ್ನೋ ಹಡಗಿನಲ್ಲಿ 1905ರಲ್ಲಿ ರಿಟ್ಸ್ ಹೋಟೆಲಿನವರ ಹೆಸರಲ್ಲಿ ಒಂದು ರೆಸ್ಟೋರೆಂಟ್ ತೆಗೆದರು. ಜಾಸ್ತಿ ದುಡ್ಡು ಕೊಟ್ಟವರು ಬೇಕಾದ ಹೊತ್ತಿಗೆ ಬಂದು, ಬೇಕಾದ್ದು ಹೇಳಿ, ತಮ್ಮದೇ ಟೇಬಲ್‌ನಲ್ಲಿ ತಿನ್ನಬಹುದಿತ್ತು. ಈಗಲೂ ಕ್ಯುನಾರ್ಡ್ ಕಂಪನಿಯವರ ಕ್ವೀನ್ ಮೇರಿ 2 ಹಡಗಿನಲ್ಲಿ ದುಬಾರಿಯ ದೊಡ್ಡ ರೂಮು ತಗೊಂಡವರಿಗೆ ಗ್ರಿಲ್ ಅಂತ ಬೇರೆ ಹಾಲ್, ಪ್ರಯಾಣ ಮುಗಿಯೋವರೆಗೂ ಅವರದೇ ಟೇಬಲ್. ನಮ್ಮಂಥವರು ಬಾಯಿಬಿಟ್ಟು ಕೇಳಬೇಕು.

ಕೇಳೋಕೆ ಸರಿಯಾದ ಹೊತ್ತು ಹಡಗು ಹತ್ತಿದ ದಿನದ ಮಧ್ಯಾಹ್ನ. ಆಗ ಎಲ್ಲರೂ ಮೇಲಿನ ಬಫೆಗೆ ಮುಗಿಬಿದ್ದಿರುತ್ತಾರೆ. ನಾವೂ ಹಾಗೇ ಮಾಡಿ ಒಂದು ದಿನ ಕಳೆದುಕೊಂಡೆವು. ಮಾರನೇ ದಿನ ಊಟದ ಹಾಲ್ ಬಾಗಿಲಿಗೆ ಹೋದರೆ ಹೆಡ್ ವೇಟರ್ ಟೇಬಲ್‌ಗಳ ನಕ್ಷೆ ಹರಡಿಕೊಂಡು ಕೂತಿದ್ದರು. ಗೋವಾದವರು. ನನ್ನ ಹಿಂದಿ ಕೇಳಿ ನಕ್ಕರೇ ಹೊರತು ನಕ್ಷೆ ಮುಚ್ಚಲಿಲ್ಲ. ಬರೀ "ಇಬ್ಬರಿಗೆ" ಅಂದರೆ ಮತ್ತೆ ಅದೇ ಸಾಲಿಗೆ ತಳ್ಳುತ್ತಾರೆ ಅಂತ ನಾನು ಬಿಡಿಸಿ ಹೇಳಿದೆ: ಕಿಟಕಿ ಬೇಡ, ಮೂಲೆಯಾದರೂ ಸರಿ, ಕಂಬದ ಹಿಂದೆಯಾದರೂ ಸರಿ, ಎಂಟೂಕಾಲಿಗೆ ಬರ್ತೀವಿ, ಕಾಯಿಸಿದರೂ ಬೇಜಾರಿಲ್ಲ, ಪಕ್ಕದ ಟೇಬಲ್ ಮಾತ್ರ ದೂರ ಇರಬೇಕು. ಈ "ತಡವಾಗಿ ಬರ್ತೀವಿ" ಅನ್ನೋದೇ ಕೆಲಸ ಮಾಡಿದ್ದು. ಏಳು ಗಂಟೆಗೆ ಎಲ್ಲರೂ ಒಟ್ಟಿಗೆ ಬರುತ್ತಾರೆ. ಎಂಟು ದಾಟಿದರೆ ನಾಲ್ಕು ಜನರ ಟೇಬಲ್ಲೇ ಖಾಲಿ ಬೀಳುತ್ತೆ, ಅದನ್ನು ಇಬ್ಬರಿಗೆ ಕೊಡೋಕೆ ಅವರಿಗೇನೂ ಕಷ್ಟ ಇಲ್ಲ. "ಇವತ್ತು ಫಾರ್ಮಲ್ ನೈಟ್, ಆಗಲ್ಲ, ನಾಳೆಯಿಂದ ತಗೊಳ್ಳಿ" ಅಂದರು. ಎಲ್ಲರೂ ಚೆನ್ನಾಗಿ ಡ್ರೆಸ್ ಮಾಡಿಕೊಂಡು ಊಟಕ್ಕೆ ಬರುವ ರಾತ್ರಿ ಅದು.

ಸಿಕ್ಕಿದ್ದು ಹಡಗಿನ ಹಿಂಭಾಗದಲ್ಲಿ, ದಪ್ಪ ಕಂಬದ ಮರೆಯಲ್ಲಿ. ಹಡಗು ತಿರುಗುವಾಗ ಕೆಳಗಿಂದ ಗುಡುಗುಡು ಅಂತ ಸದ್ದು ಬಂದು ಲೋಟದ ನೀರಿನಲ್ಲಿ ಸಣ್ಣ ಸಣ್ಣ ಬಳೆಗಳು ಏಳುತ್ತಿದ್ದವು. ಯಾರಿಗೂ ಬೇಡದ ಜಾಗ ಅದು, ಗೊತ್ತಾಗುತ್ತಿತ್ತು. ಆದರೆ ಕಂಬ ಬಿಟ್ಟು ಕುತ್ತಿಗೆ ಸ್ವಲ್ಪ ಚಾಚಿದರೆ ಹಿಂದಿನ ದೊಡ್ಡ ಕಿಟಕಿ ಕಾಣುತ್ತಿತ್ತು. ಜೂನ್‌ನಲ್ಲಿ ಜೂನೋ ಊರಿನ ಕಡೆ ಸೂರ್ಯ ಮುಳುಗೋದೇ ರಾತ್ರಿ ಹತ್ತರ ಹೊತ್ತಿಗೆ. ಪಾಯಸದಂಥದ್ದೇನೋ ತಿನ್ನುವಾಗಲೂ ಹೊರಗೆ ಬೆಳಕು, ಹಡಗು ಬಿಟ್ಟುಬಂದ ನೊರೆಯ ದಾರಿ, ಅದರಾಚೆ ಹಿಮದ ಬೆಟ್ಟ. ಟೇಬಲ್ ನಂಬರ್ ಬರೆದಿಟ್ಟುಕೊಂಡು ದಿನಾ ಅದನ್ನೇ ಕೇಳಿದೆ. ಮೂರನೇ ದಿನ ಕೇಳೋ ಕೆಲಸವೇ ಇರಲಿಲ್ಲ.

ಬೆಳಗಿನ ತಿಂಡಿಗೆ ಹೋದಾಗ ಮಾತ್ರ ಹುಷಾರು. "ಬೇರೆಯವರ ಜೊತೆ ಕೂರ್ತೀರಾ" ಅಂತ ಕೇಳುತ್ತಾರೆ, ನಾವು ಸಂಕೋಚಕ್ಕೆ ಆಯ್ತು ಅಂದುಬಿಡುತ್ತೀವಿ. ಬೇಡ ಅಂದರೆ ಯಾರೂ ಬೇಜಾರು ಮಾಡಿಕೊಳ್ಳಲ್ಲ. ದುಡ್ಡು ಕೊಟ್ಟು ಹೋಗುವ ಸ್ಟೇಕ್ ಹೌಸ್‌ನಲ್ಲಿ ಟೇಬಲ್‌ಗಳು ದೂರ ದೂರ ಇರುತ್ತವೆ ನಿಜ, ಆದರೆ ನಮ್ಮಂಥ ಸಸ್ಯಾಹಾರಿಗಳಿಗೆ ಅಲ್ಲಿ ಅಣಬೆ ಮತ್ತು ಆಲೂಗಡ್ಡೆಗೆ ಅಷ್ಟು ದುಡ್ಡು ದಂಡ. ಪ್ರಿನ್ಸೆಸ್‌ನವರು ಬಾಲ್ಕನಿಯಲ್ಲೇ ಇಬ್ಬರಿಗೆ ಊಟ ಬಡಿಸೋದನ್ನೂ ಮಾರುತ್ತಾರೆ. ಅಲಾಸ್ಕಾ ಚಳಿಯಲ್ಲಿ ನನಗದು ಬೇಡಪ್ಪಾ.

ಇನ್ನೊಂದು ಗುಟ್ಟು ಕೊನೆಯ ಸಂಜೆಯದು. ಅಮೆರಿಕದಲ್ಲಿ 1886ರ ಒಂದು ಕಾನೂನಿದೆ. ಬೇರೆ ದೇಶದ ಬಾವುಟದ ಹಡಗು ಅಮೆರಿಕದಲ್ಲಿ ಹತ್ತಿಸಿಕೊಂಡವರನ್ನು ಸುತ್ತಾಡಿಸಿ ಮತ್ತೆ ಅಲ್ಲೇ ಇಳಿಸಬೇಕಾದರೆ ನಡುವೆ ಒಂದು ಹೊರದೇಶದ ಬಂದರನ್ನಾದರೂ ಮುಟ್ಟಬೇಕು. ಅದಕ್ಕೇ ಸಿಯಾಟಲ್‌ನ ಹಡಗುಗಳು ಕೆನಡಾದ ವಿಕ್ಟೋರಿಯಾದಲ್ಲಿ ನಿಲ್ಲೋದು, ಬಹಳ ಸಲ ಕೊನೆಯ ಸಂಜೆ. ನಮ್ಮದೂ ಹಾಗೇ. ಜನ ಬೇಗ ಬೇಗ ತಿಂದು ಊರು ನೋಡಲು ಇಳಿದರು. ನಾವು ಇಳಿಯಲಿಲ್ಲ, ನನ್ನ ಮಂಡಿ ಅಷ್ಟರಲ್ಲಿ ಕೈಕೊಟ್ಟಿತ್ತು. ಎಂಟೂಕಾಲಿಗೆ ಹೋದರೆ ಹಾಲ್ ಭಣಭಣ. ಹೆಡ್ ವೇಟರೇ ಬಂದು, ಕಿಟಕಿ ಪಕ್ಕದ ಯಾವ ಟೇಬಲ್ ಬೇಕಾದರೂ ಆರಿಸಿಕೊಳ್ಳಿ ಅಂದರು. ಇವರು ಸೀದಾ ಕಂಬದ ಹಿಂದೆ ಹೋಗಿ ಕೂತರು. "ರೀ, ಕಿಟಕಿ ಕೊಡ್ತಿದ್ದಾರಲ್ರೀ" ಅಂದೆ. "ಇಲ್ಲೇ ಅಭ್ಯಾಸ ಆಗಿದೆ ಬಾರೇ" ಅಂದರು.

ಅನ್ನ ಬಂತು. ಇವರು ಡಬ್ಬಿ ತೆಗೆದು ತಳದಲ್ಲಿ ಉಳಿದಿದ್ದ ಎರಡು ಚಮಚ ಪುಡಿ ಬಡಿದು ಬಡಿದು ಉದುರಿಸಿಕೊಂಡರು. ವೇಟರ್ ಹುಡುಗ, ನಾವು ಏನೂ ಹೇಳದೆಯೇ, ಕಾಯಿಸಿದ ಬೆಣ್ಣೆಯ ಪುಟ್ಟ ಬಟ್ಟಲು ತಂದು ಡಬ್ಬಿ ಪಕ್ಕಕ್ಕೆ ಇಟ್ಟು ಹೋದ.