ತಪ್ಪು ವಿಳಾಸ

ನಮ್ಮ ತಾಲ್ಲೂಕು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಬಾಣಂತಿಯರನ್ನು ಮನೆಗೆ ಕಳಿಸುವ ಹೊತ್ತೆಂದರೆ ಸಂತೆ. ಗಂಡ ತಾಯಿ ಕಾರ್ಡ್ ಹಿಡಿದು ಓಡಾಡುತ್ತಿರುತ್ತಾನೆ, ಹೊರಗೆ ಆಟೋದವನು ಹಾರ್ನ್ ಒತ್ತುತ್ತಿರುತ್ತಾನೆ. ಆ ಗದ್ದಲದಲ್ಲೇ ನಾನು, ವಾರ್ಡಿನ ನರ್ಸು, ನನ್ನ ಪಾಠ ಒಪ್ಪಿಸಬೇಕು.

ಮೊನ್ನೆ ಸಿಸೇರಿಯನ್ ಆಗಿದ್ದ ಹುಡುಗಿಯೊಬ್ಬಳು ನಾನು ಹೇಳಿದ್ದಕ್ಕೆಲ್ಲ "ಹೂಂ ಸಿಸ್ಟರ್" ಎಂದಳು. "ಯಾವಾಗ ಓಡಿ ಬರಬೇಕು, ಹೇಳು ನೋಡೋಣ" ಎಂದರೆ ಹೊಲಿಗೆಯ ಮೇಲೆ ಕೈಯಿಟ್ಟುಕೊಂಡು ಸುಮ್ಮನಾದಳು.

"ಅವಳನ್ನೇನು ಕೇಳುತ್ತೀಯಮ್ಮ? ಬಾಣಂತನ ಮಾಡುವವಳು ನಾನು." ಮಂಚದಡಿಯಿಂದ ಫ್ಲಾಸ್ಕು ಎಳೆಯುತ್ತಿದ್ದ ಅಜ್ಜಿಯ ದನಿ.

ಹೌದಲ್ಲ! ಇಷ್ಟು ವರ್ಷ ತಪ್ಪು ವಿಳಾಸಕ್ಕೆ ಕಾಗದ ಹಾಕುತ್ತಿದ್ದೆ.

ಅಜ್ಜಿಯನ್ನು ಸ್ಟೂಲಿನ ಮೇಲೆ ಕೂರಿಸಿ ಮೊದಲಿನಿಂದ ಶುರು ಮಾಡಿದೆ. ಗಂಟೆಯೊಳಗೆ ಪ್ಯಾಡ್ ತೊಯ್ದರೆ, ಜ್ವರ ಬಂದರೆ, ಹೊಲಿಗೆಯಲ್ಲಿ ಕೀವಾದರೆ, ಒಂದೇ ಕಾಲು ಊದಿ ನೋವಾದರೆ ಬೆಳಗಾಗಲಿ ಎಂದು ಕಾಯಬಾರದು. ಅಷ್ಟಕ್ಕೂ ತಲೆಯಾಡಿಸಿದರು. ಜಗಳ ಹತ್ತಿದ್ದು ನೀರಿಗೆ.

"ನೀರು ಕೊಟ್ಟರೆ ನಂಜಾಗುತ್ತದೆ."

"ಹಾಲು ಕುಡಿಸುವವಳಿಗೆ ನೀರಿಲ್ಲದಿದ್ದರೆ ಹೇಗೆ ಅಜ್ಜಿ? ಅವಳ ತುಟಿ ನೋಡಿ."

ತುಟಿ ಬಿರಿದಿತ್ತು. ಜೀರಿಗೆ ಕುದಿಸಿದ ನೀರು, ಬಾಯಾರಿದಾಗಲೆಲ್ಲ, ಎಂಬಲ್ಲಿಗೆ ರಾಜಿಯಾಯಿತು. ಮುಚ್ಚಿದ ಕೋಣೆಯಲ್ಲಿ ಕೆಂಡದ ಹೊಗೆ ಬೇಡ, ಮಗುವನ್ನು ತಾಯಿಯ ಎದೆಗೆ ಒರಗಿಸಿದರೆ ಬೆಚ್ಚಗಿರುತ್ತದೆ ಎಂದದ್ದೂ ಒಪ್ಪಿಗೆಯಾಯಿತು. ಹೊಕ್ಕುಳಿಗೆ ಎಣ್ಣೆ, ಅರಿಶಿನ ಏನೂ ಹಚ್ಚಬೇಡಿ ಎಂದಾಗ ಮುಖ ತಿರುಗಿಸಿದರು. 6 ತಿಂಗಳು ತಾಯಿಯ ಹಾಲೊಂದೇ, ಬಜೆಯೂ ಬೇಡ ಎಂದಾಗಲಂತೂ, "ಇವಳಿಗೂ ತೇಯ್ದು ಹಾಕಿದ್ದೆ, ಸತ್ತಳೇನು?" ಎಂದರು. ತಟ್ಟನೆ ನನಗೆ ಉತ್ತರ ಹೊಳೆಯಲಿಲ್ಲ.

ಆದರೆ ಹಾಲು ಸಾಲುತ್ತಿದ್ದರೆ ಮಗು ದಿನಕ್ಕೆ 6 ಸಲವಾದರೂ ಉಚ್ಚೆ ಹೊಯ್ಯಬೇಕು ಎಂದು ನಾನು ವಿವರಿಸುತ್ತಿದ್ದಂತೆ ಅವರು ನಕ್ಕುಬಿಟ್ಟರು. "ಸಂಜೆ ಹಗ್ಗದ ಮೇಲಿನ ಬಟ್ಟೆ ಎಣಿಸಿದರಾಯಿತು, ಅದಕ್ಕೇನು!" ನಾನೀಗ ಎಲ್ಲರಿಗೂ ಹಾಗೆಯೇ ಹೇಳುತ್ತಿದ್ದೇನೆ. ಮಗುವಿನ ಅಂಗೈ, ಅಂಗಾಲು ಹಳದಿಯಾದರೆ ಅಂದೇ ಕರೆತನ್ನಿ ಎಂದದ್ದನ್ನು ಅವರೇ ಎರಡು ಸಲ ತಿರುಗಿ ಹೇಳಿ ಒಪ್ಪಿಸಿದರು.

ಅವರ ಊರಿನ ಆಶಾ ಕಾರ್ಯಕರ್ತೆ 42ನೇ ದಿನದವರೆಗೂ ಮನೆಗೆ ಬಂದು ಹೋಗುತ್ತಾಳೆ. ತೇಯುವ ಕಲ್ಲಿನ ಮೇಲೆ ಒಂದು ಕಣ್ಣಿಟ್ಟಿರು ಎಂದು ಅವಳಿಗೆ ಫೋನ್ ಮಾಡಿದ್ದೇನೆ.

ಆಟೋ ಹತ್ತಿಸುವ ಮುಂಚೆ ಅಜ್ಜಿ ಬಾಣಂತಿ ಮೊಮ್ಮಗಳ ಕಿವಿಗೆ ಹತ್ತಿ ತುರುಕಿ, ಸ್ಕಾರ್ಫ್ ಬಿಗಿದು, ನನ್ನತ್ತ ನೋಡಿದರು. "ಇದೂ ಬೇಡವೋ?"

"ಹತ್ತಿ ಇರಲಿ ಅಜ್ಜಿ" ಎಂದೆ.