ತಪಾಸಣೆಯ ದಿನ ದನಗಳು ಆಚೆಯ ಕಾವಲಿನಲ್ಲಿದ್ದವು

ಟೆಕ್ಸಾಸಿನ ಗುಡ್ಡಗಾಡು ಸೀಮೆಯಲ್ಲಿ, ಆಸ್ಟಿನ್ ನಗರದಿಂದ ಪಶ್ಚಿಮಕ್ಕೆ ಎರಡೂವರೆ ಗಂಟೆಯ ಹಾದಿಯಲ್ಲಿ, ನಾನೂ ನನ್ನ ಹೆಂಡತಿಯೂ ಕಳೆದ ವರ್ಷ 62 ಎಕರೆ ಜಮೀನು ಕೊಂಡೆವು. ಸುಣ್ಣಕಲ್ಲು, ಸೀಡರ್, ಓಕ್ ಮತ್ತು ಪಾಪಾಸುಕಳ್ಳಿ ತುಂಬಿದ ಆ ನೆಲ ನೇಗಿಲಿಗೆ ಒಗ್ಗುವಂಥದ್ದಲ್ಲ. ದನವನ್ನೋ ಆಡನ್ನೋ ಮೇಯಿಸುವುದೊಂದೇ ಅಲ್ಲಿನ ಬೇಸಾಯ. ಈ ವರ್ಷದ ಮೇ ತಿಂಗಳಲ್ಲಿ ಕೌಂಟಿಯ (ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ಮೌಲ್ಯಮಾಪನ ಕಚೇರಿಯಿಂದ ಎರಡು ಕಾಗದಗಳು ಬಂದವು. ಒಂದರಲ್ಲಿ ಜಮೀನಿನ ಮಾರುಕಟ್ಟೆ ಬೆಲೆಯನ್ನು ಎಕರೆಗೆ 8,500 ಡಾಲರ್ ಎಂದು ನಿಗದಿ ಮಾಡಿದ್ದರು. ಇನ್ನೊಂದರಲ್ಲಿ, ಕೃಷಿ ಬಳಕೆಯ ಆಧಾರದ ಮೇಲೆ ತೆರಿಗೆ ವಿಧಿಸಬೇಕೆಂದು ನಾವು ಕೊಟ್ಟಿದ್ದ ಅರ್ಜಿಯನ್ನು ತಿರಸ್ಕರಿಸಿದ್ದರು. ಹಿಂದಿನ ಮಾಲೀಕರು ವರ್ಷಕ್ಕೆ ಸುಮಾರು ನೂರು ಡಾಲರ್ ಕಟ್ಟುತ್ತಿದ್ದ ನೆಲಕ್ಕೆ ನಾವು ಎಂಟು ಸಾವಿರಕ್ಕೂ ಹೆಚ್ಚು ಕಟ್ಟಬೇಕಾಗಿತ್ತು.

ಈ ಅಜಗಜಾಂತರಕ್ಕೆ ಕಾರಣ ಇಲ್ಲಿನ ಕಾನೂನಿನಲ್ಲಿಯೇ ಇದೆ. ಟೆಕ್ಸಾಸಿನಲ್ಲಿ ರಾಜ್ಯದ ವೈಯಕ್ತಿಕ ಆದಾಯ ತೆರಿಗೆ ಇಲ್ಲ. ಶಾಲೆಗಳೂ ಕೌಂಟಿಗಳೂ ಬಹುಮಟ್ಟಿಗೆ ಆಸ್ತಿ ತೆರಿಗೆಯನ್ನೇ ನೆಚ್ಚಿಕೊಂಡಿವೆ. ನಗರದವರು ಕೊಡುವ ಬೆಲೆಯ ಮೇಲೆ ತೆರಿಗೆ ಹಾಕಿದರೆ ದನ ಸಾಕುವವನು ನೆಲ ಉಳಿಸಿಕೊಳ್ಳಲಾರ ಎಂಬ ಕಾರಣಕ್ಕೆ 1978ರಲ್ಲಿ ರಾಜ್ಯದ ಸಂವಿಧಾನಕ್ಕೆ ತಿದ್ದುಪಡಿ ತಂದು, ನೆಲವನ್ನು ಮಾರಿದರೆ ಬರುವ ಹಣದ ಬದಲು ಅದು ಕೃಷಿಯಿಂದ ಗಳಿಸಬಲ್ಲ ಹಣದ ಮೇಲೆ ಅಳೆಯುವ ಅವಕಾಶ ಕಲ್ಪಿಸಿದರು. ಜನ ಇದನ್ನು ‘ಆಗ್ ಎಕ್ಸೆಂಪ್ಷನ್’, ಅಂದರೆ ಕೃಷಿ ವಿನಾಯಿತಿ, ಎನ್ನುತ್ತಾರೆ. ವಾಸ್ತವದಲ್ಲಿ ಅದು ವಿನಾಯಿತಿಯಲ್ಲ, ಬೇರೊಂದು ಅಳತೆಗೋಲು ಅಷ್ಟೆ. ಹಿಂದಿನ ಏಳು ವರ್ಷಗಳಲ್ಲಿ ಐದು ವರ್ಷವಾದರೂ ನೆಲ ಕೃಷಿಯಲ್ಲಿರಬೇಕು, ಆ ಕೃಷಿ ಆಯಾ ಪ್ರದೇಶದ ವಾಡಿಕೆಯ ಪ್ರಮಾಣದಲ್ಲಿ ನಡೆಯುತ್ತಿರಬೇಕು, ಮಾಲೀಕರು ಬದಲಾದರೆ ಮೇ 1ಕ್ಕೆ ಮುಂಚೆ ಹೊಸದಾಗಿ ಅರ್ಜಿ ಹಾಕಬೇಕು. ನಾವು ಫೆಬ್ರವರಿಯಲ್ಲೇ ಹಾಕಿದ್ದೆವು.

ನಮ್ಮ ಕೌಂಟಿಯ ಲೆಕ್ಕದಲ್ಲಿ ಒಂದು ಹಸುವಿಗೆ ಇಪ್ಪತ್ತು ಎಕರೆ ಬೇಕು. ಅಂದರೆ ನಮ್ಮ ಪಾಲಿಗೆ ಮೂರು ಹಸು. ಕರ್ನಾಟಕದ ಓದುಗರಿಗೆ ಇದು ನಗೆ ತರಿಸಬಹುದು. ಆದರೆ ಮಣ್ಣಿನ ಪದರ ಗೇಣುದ್ದವೂ ಇಲ್ಲದ ಆ ಕಲ್ಲುನೆಲವನ್ನು ನೋಡಿದವರಿಗೆ ಮೂರೂ ಹೆಚ್ಚೆನಿಸುತ್ತದೆ. ಕಚೇರಿಯವರು ಮಾರ್ಚಿನಲ್ಲಿ ಒಮ್ಮೆ ಬಂದು, ಬೇಲಿಯಾಚೆ ನಿಂತು ನೋಡಿ, ‘ಜಾನುವಾರು ಕಾಣಲಿಲ್ಲ’ ಎಂದು ಬರೆದುಕೊಂಡು ಹೋಗಿದ್ದರು. ಅವರು ಕಂಡದ್ದು ಸುಳ್ಳಲ್ಲ. ನಮ್ಮ ನೆಲವನ್ನು ಗೇಣಿಗೆ ಪಡೆದಿರುವ ನೆರೆಯ ಹಿರಿಯರು ತಮ್ಮ ದನಗಳನ್ನು ಆ ತಿಂಗಳು ಆಚೆಯ ಕಾವಲಿಗೆ ಅಟ್ಟಿ, ನಮ್ಮ ಹುಲ್ಲು ಚಿಗುರಲಿ ಎಂದು ಗೇಟು ಮುಚ್ಚಿದ್ದರು. ಒಳ್ಳೆಯ ಗೋಪಾಲಕ ಮಾಡುವ ಕೆಲಸವೇ ನಮಗೆ ವಿರುದ್ಧವಾದ ಸಾಕ್ಷಿಯಾಗಿತ್ತು.

ಆಕ್ಷೇಪಣೆ ಸಲ್ಲಿಸಲು ಮೇ 15 ಅಥವಾ ನೋಟಿಸು ಕಳುಹಿಸಿದ ದಿನದಿಂದ 30 ದಿನ, ಇವೆರಡರಲ್ಲಿ ಯಾವುದು ತಡವೋ ಅಲ್ಲಿಯವರೆಗೆ ಸಮಯವಿರುತ್ತದೆ. ಫಾರಂ ತುಂಬುವುದು ಹತ್ತು ನಿಮಿಷದ ಕೆಲಸ. ಆ ಬಳಿಕ ಕಚೇರಿಯು ವಿಚಾರಣೆಯಲ್ಲಿ ಮುಂದಿಡಲಿರುವ ದಾಖಲೆಗಳ ಪ್ರತಿಯನ್ನು ಕೇಳಿ ಪಡೆಯುವ ಹಕ್ಕು ನಮಗಿದೆ ಎಂಬುದನ್ನು ನೋಟಿಸಿನ ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ಓದಿ, ಅದನ್ನೂ ಕೇಳಿದೆ. ಈ ರಾಜ್ಯದಲ್ಲಿ ಜಮೀನು ಎಷ್ಟಕ್ಕೆ ಮಾರಾಟವಾಯಿತೆಂದು ಸರ್ಕಾರಕ್ಕೆ ತಿಳಿಸಬೇಕೆಂಬ ಕಟ್ಟಳೆ ಇಲ್ಲ. ವರ್ಷಕ್ಕೆ ಬೆರಳೆಣಿಕೆಯ ಮಾರಾಟ ನಡೆಯುವ ಇಂಥ ಕೌಂಟಿಯಲ್ಲಿ ಹೋಲಿಕೆಗೆ ಅವರ ಬಳಿ ಇದ್ದದ್ದು ಮೂರೇ ಜಮೀನು. ಒಂದು ನದೀದಂಡೆಯದು, ಒಂದು ಹೆದ್ದಾರಿಗೆ ತಾಗಿದ್ದು, ಮತ್ತೊಂದರಲ್ಲಿ ಕೊಳವೆಬಾವಿಯೂ ಮನೆಯೂ ಇದ್ದವು. ನಮ್ಮದಕ್ಕೆ ನೆರೆಯವರ ಜಮೀನನ್ನು ಹಾಯ್ದುಹೋಗುವ ಬಂಡಿದಾರಿಯೇ ಗತಿ, ಅದರಲ್ಲಿಯೂ ಹದಿನೆಂಟು ಎಕರೆ ಹಳ್ಳದ ನೆರೆ ನುಗ್ಗುವ ಜಾಗ. ಅವರ ಕಡತದಲ್ಲಿ ಈ ಎರಡರ ಸುದ್ದಿಯೇ ಇರಲಿಲ್ಲ. ಒಂದೆಡೆ ‘ಟ್ಯಾಂಕ್’ ಎಂದು ನಮೂದಿಸಿದ್ದರು. ಉತ್ತರದ ರಾಜ್ಯದಿಂದ ಬಂದ ಗೆಳೆಯರೊಬ್ಬರು ಅದನ್ನು ತಗಡಿನ ತೊಟ್ಟಿ ಎಂದುಕೊಂಡರು. ಸ್ಯಾಂಕಿ ಟ್ಯಾಂಕಿನ ಊರಿನಿಂದ ಬಂದ ನನಗೆ ಅರ್ಥ ಬಿಡಿಸಿ ಹೇಳಬೇಕಾಗಲಿಲ್ಲ: ದನ ನೀರು ಕುಡಿಯುವ ಕಟ್ಟೆ.

ಜೂನ್ ಕೊನೆಯಲ್ಲಿ ವಿಚಾರಣೆ ನಡೆಯಿತು. ಆಕ್ಷೇಪಣೆಗಳನ್ನು ಕೇಳಿ ತೀರ್ಮಾನಿಸುವ ಅಪ್ರೈಸಲ್ ರಿವ್ಯೂ ಬೋರ್ಡಿನಲ್ಲಿರುವವರು ಕಚೇರಿಯ ನೌಕರರಲ್ಲ, ಅದೇ ಸೀಮೆಯ ನಿವಾಸಿಗಳು. ಐವರಲ್ಲಿ ಒಬ್ಬರು, ನಮ್ಮ ನೆರೆಯವರು ತಮಗೆ ಸಂಬಂಧಿಕರೆಂದು ಹೇಳಿ ಎದ್ದು ಹೊರಗೆ ಹೋದರು. ಪ್ರಮಾಣವಚನ ಮುಗಿಯುತ್ತಲೇ ನಾನು, ಎಂಟು ಸಾವಿರ ಡಾಲರ್ ತೆರಿಗೆ ಎಷ್ಟು ಅನ್ಯಾಯ ಎಂದು ಆವೇಶದಿಂದ ಆರಂಭಿಸಿದೆ. ಅಧ್ಯಕ್ಷೆ ಕೈಯೆತ್ತಿ, ತೆರಿಗೆಯ ದರವನ್ನು ನಿಗದಿ ಮಾಡುವುದು ಶಾಲಾ ಮಂಡಳಿಯೂ ಕೌಂಟಿಯ ಕಮಿಷನರುಗಳೂ, ತಾವು ಕೇಳಬಲ್ಲದ್ದು ನೆಲದ ವಿಷಯ ಮಾತ್ರ ಎಂದು ಸೌಜನ್ಯದಿಂದಲೇ ತಿದ್ದಿದರು. ಸಿಕ್ಕಿದ್ದ ಹದಿನೈದು ನಿಮಿಷಗಳಲ್ಲಿ ಮೂರನ್ನು ಹೀಗೆ ಕಳೆದುಕೊಂಡೆ.

ಉಳಿದ ಸಮಯದಲ್ಲಿ ಗೇಣಿಯ ಕರಾರು, ನೆರೆಯವರ ಪ್ರಮಾಣಪತ್ರ, ದಿನಾಂಕವಿದ್ದ ಫೋಟೋಗಳು, ಹೊಸ ಬೇಲಿಯ ರಸೀದಿ, ಹಳ್ಳದ ನೆರೆ ನುಗ್ಗುವ ಜಾಗದ ನಕ್ಷೆ ಇವನ್ನು ಒಂದೊಂದಾಗಿ ಮುಂದಿಟ್ಟೆ. ಬೂಟಿನ ಮೇಲೆ ಕೆಸರು ಇನ್ನೂ ಒಣಗಿರದ ಸದಸ್ಯರೊಬ್ಬರು ಕಚೇರಿಯ ಅಧಿಕಾರಿಯತ್ತ ತಿರುಗಿ, ತಪಾಸಣೆಗೆ ಹೋದ ದಿನ ನೆಲದ ಮೇಲೆ ಸಗಣಿ ಇತ್ತೇ ಎಂದು ಕೇಳಿದರು. ಬೇಲಿ ದಾಟಿರಲಿಲ್ಲ ಎಂದು ಅಧಿಕಾರಿ ಒಪ್ಪಿಕೊಂಡರು. ನನ್ನ ಇಡೀ ಕಡತಕ್ಕಿಂತ ಆ ಒಂದು ಪ್ರಶ್ನೆಗೆ ತೂಕ ಹೆಚ್ಚಿತ್ತೆಂದು ನನಗೆ ಈಗಲೂ ಅನಿಸುತ್ತದೆ.

ಕೃಷಿ ಮೌಲ್ಯಮಾಪನ ಮಂಜೂರಾಯಿತು. ಮಾರುಕಟ್ಟೆ ಬೆಲೆಯನ್ನೂ ಎಕರೆಗೆ 7,200 ಡಾಲರಿಗೆ ಇಳಿಸಿದರು. ಎರಡನೆಯದರಿಂದ ಈ ವರ್ಷದ ತೆರಿಗೆಯಲ್ಲಿ ಒಂದು ಡಾಲರೂ ಕಡಿಮೆಯಾಗುವುದಿಲ್ಲ, ಏಕೆಂದರೆ ಈಗ ಲೆಕ್ಕಕ್ಕೆ ಬರುವುದು ಹುಲ್ಲಿನ ಬೆಲೆ. ಆದರೆ ಮುಂದೆಂದಾದರೂ ನೆಲದ ಬಳಕೆ ಬದಲಾದರೆ ಹಿಂದಿನ ಮೂರು ವರ್ಷಗಳ ತೆರಿಗೆಯ ವ್ಯತ್ಯಾಸವನ್ನು ವಸೂಲು ಮಾಡುತ್ತಾರೆ, ಆ ವ್ಯತ್ಯಾಸವನ್ನು ಎಣಿಸುವುದು ಮಾರುಕಟ್ಟೆ ಬೆಲೆಯಿಂದ. ಹೆಂಡತಿಗೆ ಇದನ್ನು ಎರಡು ಸಲ ವಿವರಿಸಿದರೂ ಅವಳಿಗೆ ಸಮಾಧಾನವಾಗಲಿಲ್ಲ.

ನೆರೆಯ ಹಿರಿಯರು ಈಗ ದನಗಳನ್ನು ನಮ್ಮ ಕಡೆಗೆ ಬಿಟ್ಟಾಗಲೆಲ್ಲ ಫೋನಿನಲ್ಲಿ ಒಂದು ಚಿತ್ರ ಕಳುಹಿಸುತ್ತಾರೆ. ನಿನ್ನೆ ಬಂದದ್ದರಲ್ಲಿ ಧೂಳು, ಗೇಟಿನ ಕಂಬ, ಎರಡು ಬಾಲ ಇಷ್ಟೇ ಕಾಣಿಸುತ್ತಿದ್ದವು. ದಿನಾಂಕ ಮಾತ್ರ ಸ್ಪಷ್ಟವಾಗಿತ್ತು. ಅದನ್ನೂ ಅಚ್ಚು ಹಾಕಿಸಿ ಕಡತಕ್ಕೆ ಸೇರಿಸಿದ್ದೇನೆ.