ಎಳ್ಳಮಾವಾಸ್ಯೆಯ ದಿನ ಬದುವಿನ ಮೇಲೆ ನಿಂತು

30 ಡಿಸೆಂಬರ್ 2024, ಸೋಮವಾರ
ಕುಕನೂರು ತಾಲ್ಲೂಕು, ಕೊಪ್ಪಳ ಜಿಲ್ಲೆ

ಇಂದು ಎಳ್ಳಮಾವಾಸ್ಯೆ. ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಪುಂಡಿಪಲ್ಯ, ಎಣ್ಣೆಗಾಯಿಗಳ ಬುತ್ತಿ ಕಟ್ಟಿಕೊಂಡು ಮನೆಮಂದಿಯೆಲ್ಲ ಬೆಳಿಗ್ಗೆಯೇ ಎರೆಹೊಲಕ್ಕೆ ಹೋದೆವು. ಬನ್ನಿಗಿಡದ ಬುಡದಲ್ಲಿ ಸುಣ್ಣ ಬಳಿದ ಐದು ಕಲ್ಲುಗಳಿಗೆ ಪೂಜೆಯಾದ ಮೇಲೆ ಅಣ್ಣ ಚರಗ (ನೈವೇದ್ಯದ ಅಡುಗೆ) ಚೆಲ್ಲುತ್ತ ಹೊಲವನ್ನು ಒಂದು ಸುತ್ತು ಬಂದ. ಮೂಡಣ ಬದುವಿನ ಹತ್ತಿರ ನಿಂತು, ಚಿಗರಿ (ಕೃಷ್ಣಮೃಗ) ಮೇಯ್ದು ಮೋಟಾದ ಕಡಲೆಯ ಸಾಲುಗಳನ್ನು ತೋರಿಸಿ, "ತಮ್ಮಾ, ಈ ಬದುಗಳ ಗಿಡಗಂಟಿನೆಲ್ಲಾ ಜೆಸಿಬಿ ತರಿಸಿ ಒಂದ ದಿನದಾಗ ಹಸನ ಮಾಡಿಬಿಡೂಣು. ಚಿಗರಿಗೂ ಹಂದಿಗೂ ಮರೆನಽ ಇರಬಾರದು" ಎಂದ. ಮೂರು ತಿಂಗಳಿಂದ ನಾನು ನೋಡುತ್ತ ಬಂದದ್ದನ್ನು ಅಲ್ಲಿಯೇ ಅವನಿಗೆ ಹೇಳಿದೆ. ಮರೆಯಬಾರದೆಂದು ಅದನ್ನೇ ಇಲ್ಲಿ ಬರೆದಿಡುತ್ತಿದ್ದೇನೆ.

ಅಣ್ಣನ ಸಿಟ್ಟು ಸುಳ್ಳಲ್ಲ. ಅಕ್ಟೋಬರ್ 13ರಂದು, ವಿಜಯದಶಮಿಯ ಮರುದಿನ, ಜೆಜಿ-11 ತಳಿಯ ಕಡಲೆ ಬಿತ್ತಿದ್ದೆವು. ಗಿಡ ಗೇಣುದ್ದವಾಗುವ ಹೊತ್ತಿಗೆ ಚಿಗರಿಯ ಹಿಂಡು ಬರತೊಡಗಿತು. ಕುಕನೂರು, ಯಲಬುರ್ಗಾ ಕಡೆಯ ಎರೆಭೂಮಿಯ ರೈತರಿಗೆ ಇದು ಹೊಸ ಕಥೆಯಲ್ಲ. ಹೆಸರು, ಕಡಲೆ, ಜೋಳದ ಎಳೆಯ ಪೈರೆಂದರೆ ಅವಕ್ಕೆ ಹುಲ್ಲಿಗಿಂತ ರುಚಿ. ನವೆಂಬರಿನಲ್ಲಿ ಅವು ಮೇಯ್ದ ಸಾಲುಗಳು ಮಾತ್ರ ಮತ್ತೆ ಕವಲೊಡೆದು ಎದ್ದು ನಿಂತವು. ಇದರಲ್ಲಿ ಪವಾಡವೇನೂ ಇಲ್ಲ. ಬಿತ್ತಿದ 30ರಿಂದ 35 ದಿನಗಳಲ್ಲಿ ಕಡಲೆಯ ಕುಡಿ ಚಿವುಟಿದರೆ ಟೊಂಗೆ ಹೆಚ್ಚುತ್ತವೆಂದು ನಾವೇ ಚಿವುಟಿ ಪಲ್ಯ ಮಾಡಿಕೊಳ್ಳುತ್ತೇವೆ. ಆದರೆ ಹೂವು ಬಿಟ್ಟು ಕಾಯಿ ಕಟ್ಟುವಾಗ ಮೇಯ್ದದ್ದು ಮರಳಿ ಬರುವುದಿಲ್ಲ. ಮೂಡಣ ಅಂಚಿನ ಎಂಟು ಸಾಲುಗಳು ಹಾಗೆಯೇ ಹೋದವು, ಮತ್ತು ಹಿಂಡು ಬೆದರಿ ಓಡಿದಾಗ ಗೊರಸಿನಡಿ ಸಿಕ್ಕ ಗಿಡಗಳ ಲೆಕ್ಕ ಬೇರೆ.

ಅಣ್ಣ ತಪ್ಪಿದ್ದು ಮರೆಯ ವಿಷಯದಲ್ಲಿ. ಚಿಗರಿ ಪೊದೆಯಲ್ಲಿ ಅಡಗುವ ಪ್ರಾಣಿಯಲ್ಲ, ಅದು ಬಯಲಿನದು. ದೂರದವರೆಗೆ ಕಣ್ಣು ಹಾಯುವ, ಅಪಾಯ ಕಂಡೊಡನೆ ಓಟ ಕೀಳಬಹುದಾದ ಜಾಗವೇ ಅದಕ್ಕೆ ಸುರಕ್ಷಿತ. ಹಿಂಡು ಬಂದ ದಿನಗಳಲ್ಲೆಲ್ಲ ಅದು ಗಿಡಗಂಟಿಯಿರುವ ಪಡುವಣ ಬದುವನ್ನು ಬಿಟ್ಟು, ಬರೀ ನಾಲ್ಕೈದು ಕಾರೆಕಂಟಿಗಳಿರುವ ಮೂಡಣ ಬದುವಿನಿಂದಲೇ ಒಳಗೆ ಬಂದಿದೆ. ಎಲ್ಲವನ್ನೂ ಬೋಳು ಮಾಡಿದರೆ ನಾವು ಅದಕ್ಕೆ ಇನ್ನಷ್ಟು ಬಯಲನ್ನು ಕೊಟ್ಟಂತಾಗುತ್ತದೆ.

ಹಂದಿಯ ಮಾತು ಬೇರೆ. ಅದಕ್ಕೆ ಮರೆ ಬೇಕು, ಮತ್ತು ಆ ಮರೆ ಇರುವುದು ಬದುವಿನಲ್ಲಲ್ಲ, ಹಳ್ಳದಲ್ಲಿ ಹಬ್ಬಿರುವ ಬಳ್ಳಾರಿ ಜಾಲಿಯಲ್ಲಿ. ಹೆಸರಿನಲ್ಲಿ ಬಳ್ಳಾರಿ ಇದ್ದರೂ ಅದರ ತವರು ಅಮೆರಿಕ ಖಂಡ. 19ನೇ ಶತಮಾನದಲ್ಲಿ ನಮ್ಮ ದೇಶಕ್ಕೆ ತಂದು ನೆಟ್ಟದ್ದು. ನಾವು ಇಂದು ಪೂಜಿಸಿದ ಬನ್ನಿಗೆ ಅದು ಹತ್ತಿರದ ಸಂಬಂಧಿಯೆಂದು ಹೇಳಿದಾಗ ಅಣ್ಣ ನಂಬಲಿಲ್ಲ. ಬನ್ನಿಯ ಬುಡದವರೆಗೂ ಜೋಳ ಬೆಳೆಯುತ್ತದೆ, ಬಳ್ಳಾರಿ ಜಾಲಿಯ ಕೆಳಗೆ ಹುಲ್ಲೂ ಸರಿಯಾಗಿ ಏಳುವುದಿಲ್ಲ. ಅದರ ಸಿಹಿಯಾದ ಕಾಯಿಗಳನ್ನು ತಿಂದು ಆಡು, ದನ, ಚಿಗರಿಗಳು ಹಿಕ್ಕೆ-ಸಗಣಿಗಳಲ್ಲಿ ಬೀಜ ಬಿತ್ತುತ್ತ ಹೋಗುವುದರಿಂದ ಅದು ವರ್ಷ ವರ್ಷವೂ ದಟ್ಟವಾಗುತ್ತದೆ. ಕಳೆದ ವರ್ಷ ಶೇಂಗಾದ ಮಡಿಗಳನ್ನು ನೇಗಿಲು ಹೊಡೆದಂತೆ ಉತ್ತುಹಾಕಿದ ಹಂದಿಗಳು ಹೊರಟದ್ದು ಅಲ್ಲಿಂದಲೇ.

ಪಡುವಣ ಬದುವಿನಲ್ಲಿ ಇರುವುದು ಬೇವು, ಕರಿಜಾಲಿ, ಬಾರೆ, ತಂಗಡಿ, ಲಕ್ಕಿ, ಅವುಗಳ ಕೆಳಗೆ ತುಂಬೆ. ಈ ಚಳಿಗಾಲದುದ್ದಕ್ಕೂ ಅಲ್ಲಿ ಕಾಜಾಣಗಳು ಕುಳಿತಿರುತ್ತವೆ. ಒಂದು ಹಾರಿ ಕಡಲೆಯ ಮೇಲೆ ಎರಗಿ, ಬಾಯಲ್ಲಿ ಹುಳು ಹಿಡಿದು ಅದೇ ಟೊಂಗೆಗೆ ಮರಳುವುದನ್ನು ನೋಡುತ್ತ ನಿಂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಗೊರವಂಕಗಳು ಸಾಲಿನೊಳಗೇ ನಡೆದು ಹೆಕ್ಕುತ್ತವೆ. ನೀಲಕಂಠ ಒಂದು ಜೋಡಿ ಇದೆ. ಕಡಲೆಗೆ ದೊಡ್ಡ ಶತ್ರು ಕಾಯಿಕೊರಕ. ಒಂದು ಹುಳು ತನ್ನ ಬಾಳಿನಲ್ಲಿ 30ರಿಂದ 40 ಕಾಯಿಗಳನ್ನು ಕೊರೆಯಬಲ್ಲದು, ಮತ್ತು ಸಾಲಿನ ಒಂದು ಮೀಟರಿಗೆ ಒಂದು ಹುಳು ಕಂಡರೆ ಔಷಧಿ ಹೊಡೆಯುವ ಯೋಚನೆ ಮಾಡಬೇಕೆನ್ನುತ್ತಾರೆ. ಹೋದ ವಾರ ಅಣ್ಣನ ಮಗನನ್ನು ಕರೆದುಕೊಂಡು ಹೋಗಿ, ಪಡುವಣ ಬದುವಿನ ಮಗ್ಗುಲಿನ ಸಾಲುಗಳಲ್ಲಿ 10 ಕಡೆ, ಬದುವಿನಿಂದ ದೂರದ ಹೊಲದ ನಡುವೆ 10 ಕಡೆ, ಒಂದೊಂದು ಮೀಟರ್ ಅಳೆದು ಹುಳು ಎಣಿಸಿದೆ. ಬದುವಿನ ಮಗ್ಗುಲಲ್ಲಿ ಒಟ್ಟು 4, ನಡುವೆ 11. ಒಂದು ಹೊಲದ ಒಂದು ದಿನದ ಎಣಿಕೆಯಿಂದ ಎಲ್ಲವೂ ಸಾಬೀತಾಗುವುದಿಲ್ಲವೆಂಬುದು ನನಗೆ ಗೊತ್ತು. ಆದರೆ ಬದುವಿನ ಮಗ್ಗುಲಲ್ಲಿ ಇನ್ನೊಂದನ್ನೂ ಕಂಡೆವು: ಎಲೆಗೆ ಅಂಟಿದ, ಅಕ್ಕಿ ಕಾಳಿನಷ್ಟು ಚಿಕ್ಕ ಗೂಡುಗಳು, ಪಕ್ಕದಲ್ಲಿ ಎಳೆ ಹುಳುವಿನ ಒಣಗಿದ ತೊಗಲು. ಅದು ಒಂದು ಸಣ್ಣ ಕಣಜದ ಕೆಲಸ. ಅದು ಹುಳುವಿನ ಮೈಯೊಳಗೆ ಮೊಟ್ಟೆ ಇಡುತ್ತದೆ, ಮರಿ ಒಳಗಿನಿಂದಲೇ ಹುಳುವನ್ನು ತಿಂದು ಮುಗಿಸಿ ಹೊರಬಂದು ಗೂಡು ಕಟ್ಟುತ್ತದೆ. ಬೆಳೆದ ಕಣಜಕ್ಕೆ ಬೇಕಾದ ಆಹಾರ ಹೂವಿನ ಮಕರಂದ. ಕಡಲೆಯ ಹೂವಿನಲ್ಲಿ ಅದಕ್ಕೆ ಅಷ್ಟಾಗಿ ದಕ್ಕುವುದಿಲ್ಲ. ತುಂಬೆ, ಕೊತ್ತಂಬರಿಯಂಥ ಹೂಗಳು ಹತ್ತಿರವಿದ್ದರೆ ಅದು ಹೊಲದಲ್ಲಿ ಉಳಿಯುತ್ತದೆ.

ಬದು ನಮಗೆ ಬರೀ ಒಳ್ಳೆಯದನ್ನೇ ಮಾಡುತ್ತದೆಂದು ನಾನು ವಾದಿಸಲಿಲ್ಲ. ಬೇವಿನ ಪೊಟರೆಯ ಗಿಳಿಗಳು ಸೂರ್ಯಕಾಂತಿಯ ತೆನೆಯನ್ನು ಹೇಗೆ ಬರಿದು ಮಾಡುತ್ತವೆಂಬುದನ್ನು ಇಬ್ಬರೂ ಕಂಡಿದ್ದೇವೆ, ಮತ್ತು ಅದೇ ಕಾರಣಕ್ಕೆ ಆ ಬೆಳೆಯನ್ನು ಆ ಕಡೆ ಹಾಕುವುದನ್ನು ಬಿಟ್ಟಿದ್ದೇವೆ. ಕಾಯಿಕೊರಕದ ಪತಂಗವೂ ಬದುವಿನ ಕೆಲವು ಕಳೆಗಳ ಮೇಲೆ ಮೊಟ್ಟೆ ಇಡುತ್ತದೆ. ಲಾಭ ಹಾನಿಗಳೆರಡೂ ಒಂದೇ ಗಿಡದಲ್ಲಿ ಮನೆ ಮಾಡಿಕೊಂಡಿರುವಾಗ, ಗಿಡವನ್ನೇ ಕಿತ್ತರೆ ಗಿಳಿ ಮುಂದಿನ ಊರಿನಿಂದ ಹಾರಿ ಬರಬಲ್ಲದು, ಇಷ್ಟು ಸಣ್ಣ ಕಣಜಕ್ಕೆ ಅಷ್ಟು ದೂರ ಸುಲಭವಲ್ಲ.

ತೋಳದ ಮಾತನ್ನು ಎತ್ತಿದವರು ಅತ್ತಿಗೆ. ಅವರ ತವರಿನವರು ಕುರಿ ಸಾಕುವವರು. ಮರಿಗಳನ್ನು ತೋಳ ಹೊತ್ತೊಯ್ದ ನೋವು ಅವರಿಗೆ ಗೊತ್ತು. ಆದರೂ ಚಿಗರಿಯನ್ನು ಬೇಟೆಯಾಡಬಲ್ಲ ಪ್ರಾಣಿ ಈ ಬಯಲಿನಲ್ಲಿ ಉಳಿದಿರುವುದು ಅದೊಂದೇ ಎಂದು ಅವರೇ ಹೇಳಿದರು. ನಮ್ಮ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ತೋಳಗಳಿಗಾಗಿಯೇ ವನ್ಯಧಾಮವಾಗಿದೆ. ಆದರೆ ತೋಳ ಒಂದು ಧಾಮದ ಗಡಿಯೊಳಗೆ ನಿಲ್ಲುವ ಪ್ರಾಣಿಯಲ್ಲ, ಅದಕ್ಕೆ ಹುಲ್ಲುಗಾವಲು, ಹಳ್ಳದ ದಂಡೆ, ಕಲ್ಲುಗುಡ್ಡಗಳು ಒಂದಕ್ಕೊಂದು ತಾಗಿಕೊಂಡಿರಬೇಕು. ಚಿಗರಿಯನ್ನಾಗಲಿ ತೋಳವನ್ನಾಗಲಿ ಕೊಲ್ಲುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ದೊಡ್ಡ ಅಪರಾಧವೆಂಬುದು ಊರಿನಲ್ಲಿ ಎಲ್ಲರಿಗೂ ತಿಳಿದಿದೆ, ಹಾಗಾಗಿ ಆ ಮಾತನ್ನು ಯಾರೂ ಆಡಲಿಲ್ಲ.

ಊಟ ಮುಗಿಯುವ ಹೊತ್ತಿಗೆ ತೀರ್ಮಾನವಾಯಿತು. ಜೆಸಿಬಿ ಬರಲಿ, ಆದರೆ ಬೇಸಿಗೆಯಲ್ಲಿ, ಹಳ್ಳಕ್ಕೆ ಮಾತ್ರ. ಬಳ್ಳಾರಿ ಜಾಲಿಯನ್ನು ಬೇರುಸಹಿತ ಕೀಳಬೇಕು, ಕಡಿದು ಬಿಟ್ಟರೆ ಮತ್ತೆ ಚಿಗುರುತ್ತದೆ. ಪಡುವಣ ಬದುವನ್ನು ಮುಟ್ಟುವುದು ಬೇಡ. ಮೂಡಣ ಅಂಚಿನಲ್ಲಿ ಮುಂದಿನ ಹಿಂಗಾರಿಗೆ, ಅಪ್ಪ ದನ ಒಳಗೆ ಬಾರದಿರಲೆಂದು ಮಾಡುತ್ತಿದ್ದಂತೆ, ಮುಳ್ಳಿನ ಕುಸುಬೆಯ ಆರು ಸಾಲು ಹಾಕಿ ನೋಡುವುದು, ಒಳಗಡೆ ಕಡಲೆಯ ಸಾಲುಗಳ ನಡುನಡುವೆ ಅಕ್ಕಡಿಯಾಗಿ ಕೊತ್ತಂಬರಿ ಬಿತ್ತುವುದು. ಕುಸುಬೆ ಚಿಗರಿಯನ್ನು ತಡೆಯುತ್ತದೆಯೇ ಎಂದು ಅಣ್ಣ ಕೇಳಿದ. ಗಿಡ ಎಳೆಯದಿದ್ದಾಗ ಅದಕ್ಕೆ ಮುಳ್ಳಿರುವುದಿಲ್ಲ, ಆದ್ದರಿಂದ ಕಡಲೆಗಿಂತ ಎರಡು ವಾರ ಮೊದಲೇ ಬಿತ್ತಬೇಕಾಗುತ್ತದೆ ಎಂದೆ. ಮುಳ್ಳಿಲ್ಲದ ತಳಿಯ ಬೀಜ ಬೆರೆಯದಂತೆ ಹಳೆಯ ಕುಸುಬೆಯನ್ನೇ ಹುಡುಕಿ ತರಲು ಅತ್ತಿಗೆ ನಾಳೆ ತವರಿಗೆ ಫೋನ್ ಮಾಡುತ್ತಾರೆ.